ಅರ್ಧಾ ತಾಸು ಬಿಟ್ಟು ಮಾಡ್ರಿ

ಇದನ್ನು ಬರೆಯಬೇಕೆಂದು ಕುಳಿತು ಮತ್ತೆ ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಒಮ್ಮೆ ಕನ್ನಡಕದ ನೆಪ, ಒಮ್ಮೆ ಕೈ ನಡುಗುತ್ತದೆ ಎಂಬ ನೆಪ, ಬಹಳ ವರ್ಷ ಸುಗ್ಗಿ ಮುಗಿಯಲಿ ಎಂಬ ನೆಪ. ಅಂಗಡಿಗೆ ಹೋಗುವುದನ್ನು ಬಿಟ್ಟು ಈಗ ಎಂಟು ವರ್ಷ. ಸುಗ್ಗಿಯೂ ನನ್ನದಲ್ಲ. ಹೇಳಿಕೊಳ್ಳಲು ನೆಪಗಳೇ ಉಳಿಯಲಿಲ್ಲ.

ಕೇಳಿದವರಿಗೆ ಇದು ಒಂದು ಕಂಪ್ಯೂಟರಿನ ರಿಪೇರಿಯ ಸಂಗತಿ ಅನ್ನಿಸಬಹುದು. ನಮ್ಮ ಮನೆಯ ಕಂಪ್ಯೂಟರು ಇಂಟರ್ನೆಟ್ಟಿಗೆ ಹಚ್ಚಿದ ಕೆಲವೇ ನಿಮಿಷದಲ್ಲಿ ತಾನೇ ಬಂದ್ ಆಗಿ ತಾನೇ ಮತ್ತೆ ಶುರುವಾಗುತ್ತಿತ್ತು. ಅದನ್ನು ನೆಟ್ಟಗೆ ಮಾಡುವ ಹಟದಲ್ಲಿ ನಾನು ನನ್ನ ಸೊಸೆಗೂ ಅವಳ ತಂದೆಗೂ ಒಂದು ಅನ್ಯಾಯ ಮಾಡಿದೆ. ಗೊತ್ತಿಲ್ಲದೆ ಆಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡು ತಿರುಗಿದೆ. ಗೊತ್ತಿತ್ತು.

ನಮ್ಮದು ಬ್ಯಾಡಗಿ. ಮೆಣಸಿನಕಾಯಿ ದಲಾಲಿ ಅಂಗಡಿ ನನ್ನ ತಂದೆಯ ಕಾಲದ್ದು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕುಳಿತವನು ಐವತ್ತೆಂಟು ವರ್ಷ ವಯಸ್ಸಾಗುವವರೆಗೂ ಏಳಲಿಲ್ಲ. ನಾನು ಹೇಳುವ ಸಂಗತಿ ನಡೆದಾಗ ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷ ಆಗಿರಬೇಕು. ಆಗ ಮಗ ಅಂಗಡಿ ನೋಡಿಕೊಳ್ಳಲು ಶುರುಮಾಡಿದ್ದ. ರೈತರು ಬಂದರೆ ಮೊದಲು ಅವನ ಕಡೆ ನೋಡುತ್ತಿದ್ದರು, ಆಮೇಲೆ ನನಗೆ ನಮಸ್ಕಾರ ಹೇಳುತ್ತಿದ್ದರು. ಇದು ಸಹಜ ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ. ಉತ್ತರದ ಕಡೆಯ ಒಬ್ಬ ವ್ಯಾಪಾರಿ ಮಾಲು ನೋಡಲು ಬಂದಾಗ, ಇನ್ನು ಮೇಲೆ ನಾವು ಫೋನು ಫ್ಯಾಕ್ಸು ಮಾಡುವುದಿಲ್ಲ, ಇ-ಮೇಲಿನಲ್ಲೇ ಬರೆಯುತ್ತೇವೆ ಎಂದು ಹೇಳಿ ಹೋದ. ಅವನು ಅಂದದ್ದು ಮಗನಿಗೆ. ಕೇಳಿಸಿಕೊಂಡವನು ನಾನು. ಮರುವಾರವೇ ರಾಣೆಬೆನ್ನೂರಿಗೆ ಹೋಗಿ ಒಂದು ಕಂಪ್ಯೂಟರು ಜೋಡಿಸಿಕೊಂಡು ಬಂದೆ. ಅಂಗಡಿಯಲ್ಲಿ ಧೂಳೆಂದು ಅದನ್ನು ಮನೆಯ ಪಡಸಾಲೆಯಲ್ಲಿ ಫೋನಿನ ಪಕ್ಕದ ಮೇಜಿನ ಮೇಲೆ ಇಟ್ಟೆ.

ಮಗ ನೋಡಿ ನಕ್ಕ.

"ಅಪ್ಪಾ, ಇದನ್ನ ನಡಸವರು ಯಾರು?"

"ನಾನು."

"ಆತ್ ಬಿಡ್ರಿ. ಕಲ್ತು ನನಗೂ ಕಲಿಸ್ರಿ" ಎಂದ. ಅವನು ಚೇಷ್ಟೆಗೆ ಅಂದದ್ದು. ನನಗೆ ಅದು ನಾಟಿತು.

ಅದೇ ಹೊತ್ತಿಗೆ ಸೊಸೆ ಬಾಣಂತಿ. ಚೊಚ್ಚಲ ಹೆರಿಗೆ, ತವರಿನಲ್ಲಿ ಆಗಬೇಕಿತ್ತು. ಆದರೆ ಗುತ್ತಲದ ನಮ್ಮ ಬೀಗರಿಗೆ, ಅಂದರೆ ಅವಳ ತಂದೆಗೆ, ಗಂಟಲಿನ ರೋಗ ಬಂದು ಆ ಮನೆಯವರು ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಡುತ್ತಿದ್ದರು. ಹಾಗಾಗಿ ಹೆರಿಗೆ ನಮ್ಮಲ್ಲೇ ಆಯಿತು. ಹೆಣ್ಣು ಕೂಸು. ಕೂಸಿಗೆ ವಾರ ತುಂಬುವ ಹೊತ್ತಿಗೆ ಡಾಕ್ಟರು ಖಚಿತವಾಗಿ ಹೇಳಿದರಂತೆ: ಗಂಟಲಿನ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಆಪರೇಷನ್ನಿಗೆ ಎರಡೂವರೆ ವಾರ ಇತ್ತು. ಬಾಣಂತಿ ಹೊಸಿಲು ದಾಟುವ ಹಾಗಿರಲಿಲ್ಲ, ಬೀಗರಿಗೆ ಬಸ್ಸಿನಲ್ಲಿ ಬರುವ ಶಕ್ತಿ ಇರಲಿಲ್ಲ. ಅವರ ಮನೆಯಲ್ಲಿ ಫೋನಿರಲಿಲ್ಲ. ಸಂಜೆ ಅವರು ಗುತ್ತಲದ ಬಸ್ ನಿಲ್ದಾಣದ ಹತ್ತಿರದ ಬೂತಿಗೆ ಬಂದು ಮಗಳ ಸಂಗಡ ಎರಡು ಮಾತಾಡಿ ಹೋಗುತ್ತಿದ್ದರು. ಇದ್ದ ದನಿ ಮುಗಿಯುವುದರೊಳಗೆ ಆಡಬೇಕಾದ ಮಾತು. ಅದಕ್ಕೆಂದೇ ನನ್ನ ಮಗ ಪಡಸಾಲೆಯ ಫೋನಿನಿಂದ ಒಂದು ತಂತಿ ಎಳೆದು ಬಾಣಂತಿ ಕೋಣೆಯಲ್ಲಿ ಇನ್ನೊಂದು ಫೋನು, ಪ್ಯಾರಲಲ್ ಅನ್ನುತ್ತಿದ್ದರಲ್ಲ ಅದನ್ನು, ಹಾಕಿಸಿಕೊಟ್ಟಿದ್ದ.

ಇನ್ನೊಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಆಗ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುತ್ತಿರಲಿಲ್ಲ. ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಮುಟ್ಟಿಸಬೇಕು. ಮಾವನೂ ಅಷ್ಟೇ. ಸೊಸೆ ಬಾಗಿಲಿನ ಪರದೆಯ ಆಚೆ ಮೂರು ಮೊಳದಲ್ಲಿ ನಿಂತು ಕೇಳುತ್ತಿದ್ದರೂ ಹೆಂಡತಿಯ ಮುಖ ನೋಡಿ "ಆಕಿಗೆ ಹೇಳು" ಅನ್ನುತ್ತಿದ್ದ. ಮಾವ ಪಡಸಾಲೆಯಲ್ಲಿ ಕುಳಿತಿದ್ದರೆ ಸೊಸೆ ಅಲ್ಲಿ ಬಂದು ನಿಲ್ಲುತ್ತಿರಲಿಲ್ಲ. ಅವನು ಎದ್ದು ಹೊರಗೆ ಹೋದ ಮೇಲೆಯೇ ಬರುವುದು. ಇದನ್ನು ಯಾರೂ ಕಲಿಸಿದ್ದಲ್ಲ. ನನ್ನ ತಾಯಿಯೂ ಹಾಗೆ ಇದ್ದಳು, ನನ್ನ ಹೆಂಡತಿಯೂ ಹಾಗೆ ಇದ್ದಳು.

ಕಂಪ್ಯೂಟರು ಬಂದ ಹತ್ತು ದಿನ ಚೆನ್ನಾಗಿತ್ತು. ಫೋನಿನ ತಂತಿಯನ್ನು ಅದಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ ಕೀಂಯ್ ಎಂದು ಕಿರುಚಿ, ಖರ್ರ್ ಎಂದು ಕೆಮ್ಮಿ, ಲೈನು ಹಿಡಿಯುತ್ತಿತ್ತು. ಒಂದು ಪುಟ ತೆರೆಯಲು ಐದು ನಿಮಿಷ. ಒಂದು ದಿನ, ಪುಟ ಅರ್ಧ ಬಂದಿರುವಾಗ, ನಡುವೆ ಒಂದು ಸಣ್ಣ ಚೌಕ ಮೂಡಿತು. ಅದರಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಅಂಕಿ. ಅರವತ್ತು, ಐವತ್ತೊಂಬತ್ತು, ಐವತ್ತೆಂಟು. ಸೊನ್ನೆಗೆ ಬಂದೊಡನೆ ಪರದೆ ಕಪ್ಪಾಗಿ, ಒಳಗೆ ಫ್ಯಾನು ನಿಂತು, ಮತ್ತೆ ಮೊದಲಿನಿಂದ ಶುರು. ಮರುದಿನ ಹಾಗೆಯೇ. ಅದರ ಮರುದಿನವೂ. ಇಂಟರ್ನೆಟ್ಟಿಗೆ ಹಚ್ಚದಿದ್ದರೆ ದಿನವಿಡೀ ಏನೂ ಆಗುತ್ತಿರಲಿಲ್ಲ.

ಜೋಡಿಸಿಕೊಟ್ಟವನನ್ನು ರಾಣೆಬೆನ್ನೂರಿನಿಂದ ಕರೆಸಿದೆ. ಮೊದಲು ಟಿ.ವಿ., ರೇಡಿಯೊ ರಿಪೇರಿ ಮಾಡಿಕೊಂಡಿದ್ದು ಆಮೇಲೆ ಕಂಪ್ಯೂಟರಿಗೆ ಕೈ ಹಾಕಿದವನು. ನನಗಿಂತ ನಾಲ್ಕೈದು ವರ್ಷ ಚಿಕ್ಕವನಿರಬೇಕು. ಡಬ್ಬಿಯ ಮುಚ್ಚಳ ಬಿಚ್ಚಿ ಬೆರಳಾಡಿಸಿ ಮೂಸಿ ನೋಡಿದ.

"ಸಾವ್ಕಾರ್ರ, ಇದರಾಗ ಅರ್ಧಾ ಸೇರು ಖಾರ ಐತ್ರಿ. ಸಾರಿಗೆ ಒಗ್ಗರಣಿ ಹಾಕಿ ಇಟ್ಟಾಂಗ ಐತಿ."

"ಅಂಗಡ್ಯಾಗ ಇಟ್ಟಿಲ್ಲಪಾ. ಮನ್ಯಾಗ ಐತಿ."

"ಮನಿಗೆ ನೀವು ಬರ್ತೀರಿಲ್ರಿ? ನಿಮ್ಮ ಧೋತರ ಸಾಕು."

ಬ್ಲೋವರ್ ಹಚ್ಚಿ ಊದಿದ. ಘಾಟು ಎದ್ದು ಅವನಿಗೆ ಸೀನು, ನನಗೆ ಸೀನು, ಒಳಗೆ ನನ್ನ ಹೆಂಡತಿಗೆ ಸೀನು. ಬಾಣಂತಿ ಕೋಣೆಯಲ್ಲಿ ಕೂಸು ಚೀರತೊಡಗಿತು. ಹೆಂಡತಿ ಸೆರಗನ್ನು ಮೂಗಿಗೆ ಹಿಡಿದುಕೊಂಡು ಬಂದು, "ಹದಿನೈದ ದಿನದ ಕೂಸಿಗೆ ಖಾರ ತಿನಸಾಕತ್ತೀರೇನು ಇಬ್ಬರೂ ಕೂಡಿ?" ಎಂದು ಬೈದು ಬಾಗಿಲು ಎಳೆದುಕೊಂಡಳು.

ಧೂಳು ಹೋಯಿತು, ರೋಗ ಹೋಗಲಿಲ್ಲ. ಆಮೇಲೆ ಅವನು ಅರ್ಥಿಂಗ್ ಬರೋಬ್ಬರಿ ಇಲ್ಲ ಎಂದ. ಹಿತ್ತಲಲ್ಲಿ ಅರ್ಥಿಂಗಿನ ತಗ್ಗಿಗೆ ಉಪ್ಪು, ಇದ್ದಿಲು ಹಾಕಿ ದಿನಾ ಎರಡು ಕೊಡ ನೀರು ಹೊಯ್ದೆ. "ತುಳಸಿಗೆ ಒಂದ ತಂಬಿಗಿ ಹಾಕಂದ್ರ ಸೊಂಟಾ ನೋಯಸ್ತಿತ್ತು" ಎಂದಳು ಹೆಂಡತಿ. ಅದರಿಂದಲೂ ಏನೂ ಆಗಲಿಲ್ಲ.

ಕಡೆಗೆ ಡಬ್ಬಿಯನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರು, "ಯಜಮಾನ್ರ, ಅದೇನು ದೇವರೇನ್ರಿ?" ಎಂದು ಕೇಳಿದ. ಕಂಪ್ಯೂಟರು ಎಂದೆ. "ಹಂಗಾರ ದೇವರಗಿಂತ ಜ್ವಾಕಿ ಹಿಡೀರಿ, ಮುಂದ ರಸ್ತೆ ಛಲೋ ಇಲ್ಲ" ಎಂದ. ರಿಪೇರಿಯವನ ಅಂಗಡಿಯಲ್ಲಿ ಅದನ್ನು ಎರಡು ದಿನ ನಡೆಸಿದರು. ಒಮ್ಮೆಯೂ ನಿಲ್ಲಲಿಲ್ಲ.

"ಇಲ್ಲಿ ಹಾಡಿ ಕುಣದೈತ್ರಿ" ಎಂದ ಅವನು. "ನಿಮ್ಮ ಮನ್ಯಾಗ ಏನೈತಿ, ನನ್ನ ಅಂಗಡ್ಯಾಗ ಇಲ್ಲದ್ದು?"

"ಫೋನು" ಎಂದೆ. ಅವನ ಅಂಗಡಿಯಲ್ಲಿ ಆಗ ಇಂಟರ್ನೆಟ್ ಇರಲಿಲ್ಲ.

"ಫೋನಿಗೆ ಮತ್ತ ಏನರ ಜೋಡಸೀರೇನು?"

"ಪ್ಯಾರಲಲ್ ಐತಿ. ಒಳಗ ಬಾಣಂತಿ ಕೋಣ್ಯಾಗ."

ಅವನು ತಲೆ ಕೆರೆದುಕೊಂಡ. "ಅದನ್ನ ಎತ್ತಿದ್ರ ಲೈನ್ ಕಟ್ ಆಗಬಹುದ್ರಿ. ಆದ್ರ ಮಷಿನ್ ಯಾಕ ಬಂದ್ ಆಗತೈತಿ ಅನ್ನೂದು ನನಗ ತಿಳಿವಲ್ದು." ಅವನು ಎರಡು ಮಾತು ಹೇಳಿದ್ದ. ನಾನು ಒಂದನ್ನು ಮಾತ್ರ ಕಟ್ಟಿಕೊಂಡು ಬಂದೆ.

ಅಂದು ಸಂಜೆ ಕಿವಿ ಕೊಟ್ಟು ಕುಳಿತೆ. ಒಳಗೆ ರಿಸೀವರ್ ಎತ್ತಿದರೆ ಪಡಸಾಲೆಯ ಫೋನಿನಲ್ಲಿ ಸಣ್ಣಗೆ ಟಿಂಗ್ ಎನ್ನುತ್ತಿತ್ತು. ಲೈನು ಹಿಡಿಯಿತು. ಟಿಂಗ್ ಎಂದಿತು. ಚೌಕ ಬಂತು, ಅರವತ್ತರಿಂದ ಎಣಿಕೆ ಶುರುವಾಯಿತು. ಮತ್ತೆ ಹಚ್ಚಿದೆ. ಮತ್ತೆ ಟಿಂಗ್, ಮತ್ತೆ ಚೌಕ. ಮೂರನೆಯ ಸಲ ಟಿಂಗ್ ಇಲ್ಲದೆಯೇ ಚೌಕ ಬಂದಿತ್ತು. ಅದನ್ನು ನಾನು ಎಣಿಸಲಿಲ್ಲ.

ಹೆಂಡತಿಯನ್ನು ಕರೆದು, ಒಳಗೆ ಕೇಳುವ ಹಾಗೆ ಮಾತಾಡಿದೆ.

"ಎತ್ತೂದು ಇಡೂದು, ಎತ್ತೂದು ಇಡೂದು. ತವರಮನಿ ಮಾತು ಶುರು ಆದ್ರ ಮುಗಿಯೂದ ಇಲ್ಲ. ಆಕಿಗೆ ಹೇಳು, ಈ ಮಷಿನ್ ಸುಟ್ರ ಅವರಪ್ಪ ತಂದು ಕೊಡೂದಿಲ್ಲ."

"ಮೆಲ್ಲಗ ಮಾತಾಡ್ರಿ. ಹಸಿ ಬಾಣಂತಿ."

"ಕೇಳ್ಲಿ ಅಂತನ ಮಾತಾಡಾಕತ್ತೇನಿ."

ಮುಂಜಾನೆ ಚಹಾ ಕೊಡುವಾಗ ಹೆಂಡತಿ ನನ್ನ ಮುಖ ನೋಡದೆ ಹೇಳಿದಳು: "ನನ್ನಿಂದ ಮಾವಾರ ಮಷಿನ್ ಕೆಟ್ಟಿದ್ರ ತಪ್ಪಾತು, ಇನ್ನ ಎತ್ತೂದಿಲ್ಲ ಅಂದಾಳ. ಸಂಜೀಕ ಅವರಪ್ಪಂದು ಫೋನ್ ಬರವಲ್ದು ಅಂತ, ಲೈನ್ ಐತೋ ಇಲ್ಲೋ ನೋಡಾಕ ಎತ್ತತಿದ್ಳಂತ."

ಬರುತ್ತಿರಲಿಲ್ಲ, ನಿಜ. ಅವರು ಮಾಡುವ ಹೊತ್ತಿಗೆ ಲೈನು ನನ್ನ ಕೈಯಲ್ಲಿ ಇರುತ್ತಿತ್ತು. ಅದನ್ನು ನಾನು ಹೆಂಡತಿಗೆ ಹೇಳಲಿಲ್ಲ. ಚಹಾ ಕುಡಿದೆ. ಸೊಸೆ ತಪ್ಪಾಯಿತು ಎಂದಳಲ್ಲ, ಹಾಗಾದರೆ ತಪ್ಪು ಅವಳದೇ ಎಂದು ನನಗೆ ಇನ್ನಷ್ಟು ಗಟ್ಟಿಯಾಯಿತು. ಮಧ್ಯಾಹ್ನ ಮನೆಯವರು ಮಲಗಿರುವಾಗ ಪಕ್ಕಡ ತೆಗೆದುಕೊಂಡು, ಕಿಟಕಿಯ ಮೂಲೆಯಲ್ಲಿ, ಒಳಗೆ ಹೋಗುವ ತಂತಿಯನ್ನು ಕತ್ತರಿಸಿದೆ. ಬಿಳಿಯ ತೆಳು ತಂತಿ. ಒಂದೇ ಒತ್ತಿಗೆ ಹೋಯಿತು. ಒಳಗಿನ ಫೋನು ಸತ್ತಿದೆ ಎಂದು ಸಂಜೆಗೆ ಗೊತ್ತಾದಾಗ, "ಇಲಿ ಕಡದಿರಬೇಕು" ಎಂದೆ.

ಅದೇ ಸಂಜೆ ಇಂಟರ್ನೆಟ್ಟಿಗೆ ಹಚ್ಚಿದೆ. ಆರು ನಿಮಿಷಕ್ಕೆ ಚೌಕ ಬಂತು.

ನನ್ನ ತಪ್ಪು ಎಲ್ಲಿ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ಈ ಆರು ನಿಮಿಷವನ್ನೇ ತೋರಿಸುತ್ತೇನೆ. ಅಲ್ಲಿಯವರೆಗೆ ನಾನು ತಿಳಿಗೇಡಿ, ಅಷ್ಟೇ. ಸೊಸೆಯಿಂದ ಇದು ಆಗುತ್ತಿಲ್ಲ ಎಂಬುದು ಆಗ ನನ್ನ ಕಣ್ಣಮುಂದೆಯೇ ಸಿದ್ಧವಾಗಿತ್ತು. ಕತ್ತರಿಸಿದ ತಂತಿಯ ಎರಡು ತುದಿ ಜೋಡಿಸಿ ಪಟ್ಟಿ ಸುತ್ತಲು ಐದು ನಿಮಿಷದ ಕೆಲಸ. ಜೋಡಿಸಿದರೆ, ಕತ್ತರಿಸಿದ್ದೆ ಎಂದು ಒಪ್ಪಿದ ಹಾಗೆ. ನಾನು ಜೋಡಿಸಲಿಲ್ಲ.

ಹೆಂಡತಿ ಬೇರೆ ದಾರಿ ಹುಡುಕಿದಳು. ಪಡಸಾಲೆಯ ಫೋನು ಬಾರಿಸಿದರೆ ತಾನು ಎತ್ತುವುದು, ಗುತ್ತಲದ್ದಾದರೆ ನಾನು ಎದ್ದು ಹೊರಕಟ್ಟೆಗೆ ಹೋಗುವುದು, ಸೊಸೆ ಬಂದು ಮಾತಾಡುವುದು. ನಾನು ಹೂಂ ಎಂದೆ.

ಹದಿಮೂರನೆಯ ದಿನಕ್ಕೆ ಆಗಬೇಕಿದ್ದ ತೊಟ್ಟಿಲ ಕಾರ್ಯ ಈ ಗಡಿಬಿಡಿಯಲ್ಲಿ ಇಪ್ಪತ್ತೊಂದನೆಯ ದಿನಕ್ಕೆ ಆಯಿತು. ಕೂಸಿಗೆ ಹೆಸರಿಟ್ಟರು. ತವರಿನಿಂದ ಯಾರೂ ಬರಲಾಗಲಿಲ್ಲ. ಮಗ ಮರುದಿನ ಬೀಗರಿಗೆ ಆಸ್ಪತ್ರೆಯಲ್ಲಿ ಮಂಚದ ವ್ಯವಸ್ಥೆ ನೋಡಲು ಹುಬ್ಬಳ್ಳಿಗೆ ಹೋದ. ಅವನು ಹೋದ ದಿನವೇ ಗುತ್ತಲದ ರೈತರೊಬ್ಬರು ನಮ್ಮ ಅಂಗಡಿಗೆ ಮಾಲು ತಂದಿದ್ದರು. ಚೀಲ ಇಳಿಸಿ ನೀರು ಕುಡಿದು ಹೇಳಿದರು:

"ನಿಮ್ಮ ಬೀಗರು ಹೇಳಿ ಕಳಿಸ್ಯಾರ್ರಿ. ನಾಳೆ ಮುಂಜಾನಿ ಬಸ್ಸಿಗೆ ಹುಬ್ಬಳ್ಳಿಗೆ ಹೋಗ್ತಾರಂತ. ಇವತ್ತ ದೀಪ ಹಚ್ಚೂ ಹೊತ್ತಿಗೆ ಫೋನ್ ಮಾಡ್ತಾರಂತ. ಕೂಸಿನ್ನ ಒಮ್ಮಿ ಹೆಸರು ಹಿಡದು ಕರದು ಹೋಗಬೇಕಂತ. ಆಮ್ಯಾಲ ಆಗೂದಿಲ್ಲಲ್ರಿ."

ಆ ಸುದ್ದಿಯನ್ನು ನಾನೇ ಮನೆಗೆ ತಂದೆ. ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ. ಪರದೆಯ ಆಚೆ ಬಳೆಯ ಸದ್ದಾಯಿತು.

"ಇವತ್ತೊಂದಿನ ನಿಮ್ಮ ಡಬ್ಬಿ ಬಂದ್ ಇಡ್ರಿ" ಎಂದಳು ಹೆಂಡತಿ.

"ಹೂಂ" ಎಂದೆ.

ಇಡುತ್ತಿದ್ದೆನೋ ಏನೋ. ಆದರೆ ಇಳಿಹೊತ್ತಿಗೆ ರಿಪೇರಿಯವನು ಬಸ್ಸಿನ ಕೂಡ ಒಂದು ಸ್ಟೆಬಿಲೈಸರು ಕಳಿಸಿದ. ಕರೆಂಟು ಏರಿಳಿತ ಆಗಿ ಹೀಗಾಗುತ್ತಿರಬಹುದು, ಇದನ್ನು ಹಚ್ಚಿ ನೋಡಿ ಎಂದು ಚೀಟಿ ಬರೆದಿದ್ದ. ಮಗ ಊರಲ್ಲಿ ಇಲ್ಲ. ಬರುವುದರೊಳಗೆ ರಿಪೇರಿ ಆಗಿದ್ದರೆ, ಅವನ ನಗು ಅಲ್ಲಿಗೆ ನಿಲ್ಲುತ್ತದೆ. ಬೀಗರು ಮಾಡುವುದು ದೀಪ ಹಚ್ಚಿದ ಮೇಲೆ. ಇನ್ನೂ ಬೆಳಕಿದೆ, ಐದು ನಿಮಿಷ ನೋಡಿ ಬಿಡೋಣ ಎಂದು ಕುಳಿತೆ.

ಹಚ್ಚಿದೆ. ಈ ಸಲ ಹತ್ತು ನಿಮಿಷ ಚೌಕ ಬರಲಿಲ್ಲ. ನನಗೆ ಹುರುಪು ಬಂತು. ಪತ್ರಗಳ ಪುಟ ಮೇಲಿನಿಂದ ಕೆಳಗೆ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ಆ ವ್ಯಾಪಾರಿಯ ಹೆಸರು ಕಾಣಿಸಿತು. ಅದರ ಮೇಲೆ ಒತ್ತಿದೆ, ಚೌಕ ಬಂತು. ಅಷ್ಟರಲ್ಲಿ ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಆಗಿತ್ತು. ಬಾಗಿಲಿನ ಪರದೆಯ ಕೆಳಗೆ ಸೊಸೆಯ ಪಾದಗಳು ಕಾಣುತ್ತಿದ್ದವು. ಬಾಣಂತಿಯ ಹತ್ತಿಯ ಕಾಲುಚೀಲ ಹಾಕಿಕೊಂಡಿದ್ದಳು. ಕೂಸನ್ನು ಎತ್ತಿಕೊಂಡು ನಿಂತಿರಬೇಕು, ನಡುನಡುವೆ ಅದು ಕುಂಯ್ ಅನ್ನುತ್ತಿತ್ತು.

ಮಷಿನು ಬಂದ್ ಆಗಿ ಮತ್ತೆ ಶುರುವಾಗಲು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಲೈನು ಖಾಲಿ. ಆಗ ಫೋನು ಬಾರಿಸಿತು.

ಹೆಂಡತಿ ಅಡುಗೆಮನೆಯಲ್ಲಿದ್ದಳು. ನನ್ನ ಕೈ ಹತ್ತಿರವಿತ್ತು. ಎತ್ತಿದೆ.

"ಬೀಗರ... ನಾನ್ರಿ."

ಅದು ದನಿಯಲ್ಲ, ಒಣ ಸೋಗೆಯ ಮೇಲೆ ಕಾಲಿಟ್ಟ ಹಾಗೆ. ಮೂರು ಶಬ್ದ ಹೇಳಲು ಅವರು ಎರಡು ಸಲ ಉಸಿರು ತೆಗೆದರು. ನಾನು ಎದ್ದು ಹೊರಕಟ್ಟೆಗೆ ಹೋಗಬೇಕಿತ್ತು. ಅಷ್ಟೇ ನನ್ನ ಕೆಲಸ. ಕುರ್ಚಿ ಬಿಟ್ಟು ಏಳುವುದು, ಆರು ಹೆಜ್ಜೆ ನಡೆಯುವುದು. ಮಷಿನಿನ ಪರದೆ ಬೆಳಗುತ್ತಿತ್ತು. ಈಗ ಹಚ್ಚಿದರೆ ಮತ್ತೆ ಹತ್ತು ನಿಮಿಷ ಸಿಗುತ್ತದೆ, ಆ ಪತ್ರ ತೆರೆಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

"ಬೀಗರ, ಅರ್ಧಾ ತಾಸು ಬಿಟ್ಟು ಮಾಡ್ರಿ. ಮಷಿನ್ ಹಚ್ಚೇನಿ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಉಸಿರು ಕೇಳಿತು. "ಹೂಂ... ಆತ್ರಿ" ಎಂದರು. ಇಟ್ಟರು.

ಪರದೆಯ ಕೆಳಗಿನ ಪಾದಗಳು ಒಂದು ಹೆಜ್ಜೆ ಮುಂದೆ ಬಂದಿದ್ದವು. ಅಲ್ಲಿಯೇ ನಿಂತವು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು.

"ಯಾರ್ರಿ?"

"ಬೀಗರು. ಅರ್ಧಾ ತಾಸು ಬಿಟ್ಟು ಮಾಡ್ತಾರ."

"ನೀವು ಅಂದ್ರ್ಯೋ, ಅವರು ಅಂದ್ರೋ?"

ನಾನು ಮಷಿನಿನ ಕಡೆ ತಿರುಗಿದೆ. ಲೈನಿಗೆ ಹಚ್ಚಿದೆ. ಮೂರು ನಿಮಿಷಕ್ಕೆ ಚೌಕ. ಮತ್ತೆ ಹಚ್ಚಿದೆ. ನಾನು ಎಷ್ಟು ಹೊತ್ತು ಕುಳಿತೆ ಎಂದು ಆಗ ತಿಳಿಯಲಿಲ್ಲ. ಹೆಂಡತಿ ಎರಡು ಸಲ ಬಂದು "ಅರ್ಧಾ ತಾಸು ಆತ್ರಿ" ಎಂದಳು, ಎರಡು ಸಲವೂ "ಇದೊಂದ ಸಲ" ಎಂದೆ. ಮೂರನೆಯ ಸಲ ಅವಳು ಬಂದು ಏನೂ ಹೇಳದೆ ಗೋಡೆಯ ಸ್ವಿಚ್ಚನ್ನೇ ಆರಿಸಿದಳು. ಗಡಿಯಾರ ನೋಡಿದೆ. ಎಂಟು ದಾಟಿತ್ತು. ಗುತ್ತಲದ ಬೂತು ಎಂಟಕ್ಕೆ ಮುಚ್ಚುತ್ತಿತ್ತು.

ಒಂಬತ್ತರವರೆಗೂ ಫೋನು ಬಾರಿಸಲಿಲ್ಲ. ನಾನು ಹೊರಕಟ್ಟೆಗೆ ಹೋಗಿ ಕುಳಿತೆ. ಈಗ ಹೋಗಿ ಏನು ಪ್ರಯೋಜನ. ಒಳಗಿನಿಂದ ಅಳುವೂ ಕೇಳಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿ ತೂಗುವ ಸದ್ದು ಮಾತ್ರ.

ಬೂತಿನ ಬೆಂಚಿನ ಮೇಲೆ ಬೀಗರು ಏಳರಿಂದ ಎಂಟರವರೆಗೆ ಕುಳಿತು, ನಾಲ್ಕು ಸಲ ನಂಬರು ಒತ್ತಿಸಿ, ಎಂಗೇಜು ಎಂಗೇಜು ಎಂದು ಕೇಳಿ ಎದ್ದುಹೋದರೆಂದು ಆಮೇಲೆ ಬೀಗಿತ್ತಿ ನನ್ನ ಹೆಂಡತಿಗೆ ಹೇಳಿದರು. ದೂರಿನ ಹಾಗೆ ಹೇಳಲಿಲ್ಲವಂತೆ. ಹುಬ್ಬಳ್ಳಿಗೆ ಹೋದ ಕೂಡಲೇ ಆಸ್ಪತ್ರೆಗೆ ಸೇರಿಸಿಕೊಂಡರು, ಮರುದಿನ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು, ಉಸಿರು ಅಲ್ಲಿಂದ.

ಅವರ ದನಿಯನ್ನು ನಮ್ಮ ಮನೆಯಲ್ಲಿ ಕೊನೆಗೆ ಕೇಳಿದವನು ನಾನು.

ಅದಾದ ನಾಲ್ಕು ದಿನಕ್ಕೆ ಕಚೇರಿ ಕೆಲಸಕ್ಕೆಂದು ಹಾವೇರಿಗೆ ಹೋಗಿದ್ದೆ. ಕೋರ್ಟಿನ ಸಮೀಪ ಒಂದು ಇಂಟರ್ನೆಟ್ ಅಂಗಡಿ. ಕಾಲು ತಾನಾಗಿ ಒಳಗೆ ಹೋಯಿತು. ಅಂಗಡಿಯವನು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಕೇಳಿದ.

"ಅರವತ್ತರಿಂದ ಎಣಸತೈತೇನ್ರಿ?"

"ಹೌದು."

"ಈ ವಾರದಾಗ ನೀವು ಎಂಟನೇದವರು."

ಅದು ಒಂದು ಹುಳ ಎಂದ. ಜೀವದ ಹುಳವಲ್ಲ, ಯಾರೋ ಬರೆದು ಬಿಟ್ಟದ್ದು. ಇಂಟರ್ನೆಟ್ಟಿನ ಮೇಲೆ ಓಡಾಡಿಕೊಂಡಿರುತ್ತದೆ. ಯಾವ ಮಷಿನಿಗೆ ಅದನ್ನು ತಡೆಯುವ ತೇಪೆ ಹಾಕಿಲ್ಲವೋ ಅದು ಲೈನಿಗೆ ಬಂದೊಡನೆ ಒಳಗೆ ನುಗ್ಗುತ್ತದೆ. ಅದರ ಹೊಡೆತಕ್ಕೆ ಒಳಗಿನ ಒಂದು ಭಾಗ ಕುಸಿದುಬೀಳುತ್ತದೆ, ಮಷಿನು ತಾನೇ ಬಂದ್ ಆಗಿ ಶುರುವಾಗುತ್ತದೆ. ನಾನು ಖಾರದ ಧೂಳು, ಅರ್ಥಿಂಗು, ಸ್ಟೆಬಿಲೈಸರು ಎಲ್ಲ ಹೇಳಿದೆ. ಅವನು ತಲೆ ಅಲ್ಲಾಡಿಸುತ್ತ ಹೋದ.

"ಪ್ಯಾರಲಲ್ ಫೋನು?" ಎಂದು ಕೊನೆಗೆ ಕೇಳಿದೆ.

"ಮನ್ಯಾಗ ಹತ್ತ ಮಂದಿ ಹತ್ತ ಫೋನ್ ಎತ್ತಿದ್ರೂ ಮಷಿನಿಗೆ ಏನೂ ಆಗೂದಿಲ್ರಿ. ಭಾಳಾದ್ರ ಲೈನ್ ಬಿಡತೈತಿ. ಯಾಕ್ರಿ?"

"ಏನಿಲ್ಲ" ಎಂದೆ.

ಆ ತೇಪೆ ಇದ್ದ ಒಂದು ಸೀಡಿ ಕೊಟ್ಟ. ಮನೆಗೆ ಬಂದು ಅವನು ಬರೆದುಕೊಟ್ಟ ಹಾಗೆ ಒತ್ತಿದೆ. ಹತ್ತು ನಿಮಿಷಕ್ಕೆ ಮುಗಿಯಿತು. ಆಮೇಲೆ ಆ ಮಷಿನು ಒಮ್ಮೆಯೂ ತಾನಾಗಿ ನಿಲ್ಲಲಿಲ್ಲ. ವ್ಯಾಪಾರಿಯ ಪತ್ರ ತೆರೆಯಿತು. ಎರಡು ಸಾಲು. ಈ ಸಲದ ಮಾಲು ಬೇರೆ ಕಡೆ ತೆಗೆದುಕೊಂಡಿದ್ದೇವೆ, ನಮಸ್ಕಾರ. ಮಗ ಬಂದವನು ನೋಡಿ, "ಅಂತೂ ರಿಪೇರಿ ಮಾಡಿದ್ರಿ" ಎಂದ. ನಗಲಿಲ್ಲ. ನಾನು ಬೇಡಿದ್ದ ಮಾತು ಅದೇ ಆಗಿತ್ತು. ಕೇಳಿ ಎದ್ದು ಹೋದೆ. ಒಳಗಿನ ಫೋನಿನ ತಂತಿಯನ್ನೂ ಅವನೇ ಜೋಡಿಸಿದ. ಕಡಿದದ್ದು ಇಲಿಯಲ್ಲ ಎಂದು ಅವನಿಗೆ ಗೊತ್ತಾಗದೆ ಇರಲಾರದು. ತುದಿ ಅಷ್ಟು ನೇರವಾಗಿತ್ತು.

ಬೀಗರು ಅದಾದ ಮೇಲೆ ಆರು ವರ್ಷ ಬದುಕಿದರು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಅಂಗಿಯ ಜೇಬಿನಲ್ಲಿ ಬಳಪ, ಕೈಚೀಲದಲ್ಲಿ ಪಾಟಿ. ಮೊಮ್ಮಗಳನ್ನು ಕರೆಯಬೇಕಾದರೆ ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದರು, ಅವಳು ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಅವಳಿಗೆ ಐದು ತುಂಬಿದ ವರ್ಷ ನಾನು ಗುತ್ತಲಕ್ಕೆ ಹೋದಾಗ, ಅವರ ಮನೆಯ ಕಟ್ಟೆಯ ಮೇಲೆ ನಾವಿಬ್ಬರೇ ಇದ್ದೆವು. ನಾನು ಎಲ್ಲವನ್ನೂ ಹೇಳಿದೆ. ತಂತಿ ಕತ್ತರಿಸಿದ್ದು, ಗೊತ್ತಿದ್ದೂ ಜೋಡಿಸದೇ ಬಿಟ್ಟದ್ದು, ಅರ್ಧಾ ತಾಸು ಎಂದದ್ದು. "ನನ್ನಿಂದ ತಪ್ಪಾಗೈತಿ ಬೀಗರ, ಹೊಟ್ಟ್ಯಾಗ ಹಾಕ್ಕೊಳ್ರಿ" ಎಂದೆ. ಅವರು ಜೇಬಿನಿಂದ ಬಳಪ ತೆಗೆದರು. ಪಾಟಿಯ ಮೇಲೆ ಬರೆದು ನನ್ನ ಕಡೆ ತಿರುಗಿಸಿದರು: "ಕಡೀಕ ಮಷಿನ್ ರಿಪೇರಿ ಆತೋ ಇಲ್ಲೋ?" ಹೆಗಲು ಕುಲುಕಿದವು. ನಗುತ್ತಿದ್ದರು. ಆಮೇಲೆ ಅಂಗೈಯಿಂದ ಒರೆಸಿ, ಕೆಳಗೆ ಇನ್ನೊಂದು ಸಾಲು ಬರೆದರು: "ಆಕಿಗೆ ಹೇಳ್ರಿ."

ಹೇಳಲಿಲ್ಲ. ನನ್ನ ಹೆಂಡತಿ ಇರುವವರೆಗೆ ಅವಳ ಕೈಯಲ್ಲಿ ಹೇಳಿ ಕಳಿಸಬಹುದಿತ್ತು. ನಮ್ಮಲ್ಲಿ ಎಲ್ಲ ಮಾತೂ ಹಾಗೆಯೇ ಮುಟ್ಟುತ್ತಿದ್ದುದು. ಒಮ್ಮೆ ಹೇಳಿಯೂ ಹೇಳಿದೆ: "ಆಕಿಗೆ ಹೇಳು, ಅವತ್ತ ನಂದು ತಪ್ಪಾತು ಅಂತ." ಹೆಂಡತಿ ಜೋಳ ಕೇರುತ್ತಿದ್ದಳು. ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

"ಇಷ್ಟ ವರ್ಷ ನಿಮ್ಮ ಎಲ್ಲಾ ಮಾತೂ ಮುಟ್ಟಿಸೇನಿ. ಇದನ್ನ ನಾ ಮುಟ್ಟಿಸೂದಿಲ್ಲ. ಬೈಯೂ ಮುಂದ ಆಕಿಗೆ ಕೇಳೂ ಹಂಗ ಬೈದ್ರಿ. ಇದನ್ನೂ ಹಂಗ ಹೇಳ್ರಿ."

ಹೆಂಡತಿ ಹೋಗಿ ಈಗ ನಾಲ್ಕು ವರ್ಷ. ನಡುವೆ ಮಾತು ಒಯ್ಯುವವರು ಯಾರೂ ಇಲ್ಲದ್ದರಿಂದ ಸೊಸೆಯೂ ನಾನೂ ಈಗ ನೇರವಾಗಿಯೇ ಮಾತಾಡುತ್ತೇವೆ. ಪರದೆಯೂ ಇಲ್ಲ. "ಊಟಕ್ಕ ಬರ್ರಿ ಮಾವಾರ", "ಗುಳಿಗಿ ತಗೊಂಡ್ರ್ಯಾ?" ಎನ್ನುತ್ತಾಳೆ. ನಾನು "ಹೂಂ" ಎನ್ನುತ್ತೇನೆ, "ಇವತ್ತ ಸಾರು ಛಲೋ ಆಗೇತಿ" ಎನ್ನುತ್ತೇನೆ. ದಿನಕ್ಕೆ ಹತ್ತು ಸಲ ಎದುರಿಗೆ ಬರುತ್ತಾಳೆ, ಹತ್ತು ಸಲವೂ ಆ ಮಾತು ಗಂಟಲಿನವರೆಗೆ ಬಂದು ನಿಲ್ಲುತ್ತದೆ. ನನ್ನ ಗಂಟಲಿಗೆ ಯಾವ ರೋಗವೂ ಇಲ್ಲ. ಅವಳು ಆ ಸಂಜೆಯ ಬಗ್ಗೆ ಇಂದಿನವರೆಗೆ ಒಂದು ಶಬ್ದ ಎತ್ತಿಲ್ಲ. ತಪ್ಪಾತು ಎಂದು ಒಮ್ಮೆ ಹೇಳಿ ಕಳಿಸಿದವಳು ಅವಳೇ. ಅದಕ್ಕೂ ನಾನು ಉತ್ತರ ಕೊಟ್ಟಿಲ್ಲ.

ಅದಕ್ಕೆ ಇದನ್ನು ಬರೆದೆ. ಬರೆದದ್ದು ಹೇಳಿದ ಹಾಗೆ ಆಗುವುದಿಲ್ಲ ಎಂದು ನನಗೆ ಗೊತ್ತಿದೆ. ಬೀಗರಿಗೆ ಹೇಳಿದೆ, ಅವರು ಕೇಳಿ ಹೋದರು. ಹೆಂಡತಿಯ ಮುಂದೆ ಒಪ್ಪಿಕೊಂಡೆ, ಅವಳೂ ಹೋದಳು. ನಾನು ಕ್ಷಮೆ ಕೇಳದೆ ಉಳಿಸಿಕೊಂಡವಳು ಒಬ್ಬಳೇ. ಆ ಸಂಜೆ ಪರದೆಯ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದವಳು, ಗುತ್ತಲದ ಬೀಗರ ಮಗಳು, ನನ್ನ ಸೊಸೆ.